ಎದುರಿನ ಪಾರ್ಟು

ಧಾರವಾಡ
9 ಜೂನ್ 2024

ಪೂಜ್ಯ ಮಂಟಯ್ಯ ಮೇಷ್ಟ್ರಿಗೆ,

ನಿಮ್ಮ ಗಂಟಲಿನ ಆಪರೇಷನ್ ಸುದ್ದಿ ನನಗೆ ತಡವಾಗಿ ಗೊತ್ತಾಯಿತು. ಅಪ್ಪ ಫೋನ್ ಮಾಡಿ, "ಮೇಷ್ಟ್ರಿಗೆ ಧ್ವನಿಪೆಟ್ಟಿಗೇನೇ ತೆಗೆದ್ಬುಟ್ರಂತೆ ಕಣಮ್ಮ. ಇನ್ಮೇಲೆ ಮಾತಿಲ್ಲ ಅಂತ ಡಾಕ್ಟ್ರು ಹೇಳವ್ರೆ" ಎಂದರು. ನಿಮ್ಮ ಮನೆಗೆ ಫೋನ್ ಮಾಡಿದೆ. ಕುಸುಮ ಎತ್ತಿಕೊಂಡು, "ಅಪ್ಪ ಮಾತಾಡಂಗಿಲ್ಲ, ನಂಗೆ ಡ್ಯೂಟಿಗೆ ಹೊತ್ತಾಯ್ತು" ಎಂದು ಇಟ್ಟುಬಿಟ್ಟಳು. ತಪ್ಪು ನಿಮ್ಮ ಮಗಳದಲ್ಲ. ಮಾತು ಹೋದವರ ಮನೆಗೆ ಫೋನ್ ಮಾಡಿದ ನಾನೇ ಪೆದ್ದಿ. ಅದಕ್ಕೇ ಈ ಕಾಗದ.

ಮೇಟಗಳ್ಳಿಯ ನಿಮ್ಮ ಮನೆಯ ಹಿಂದಿದ್ದ ಶೀಟಿನ ಶೆಡ್ಡು ಇವತ್ತೆಲ್ಲ ಕಣ್ಣ ಮುಂದೆ ಬರುತ್ತಿದೆ. ಫ್ಯಾಕ್ಟರಿ ಪಾಳಿ ಮುಗಿಸಿ ಬಂದವರೆಲ್ಲ ಮುಖ ತೊಳೆದುಕೊಂಡು ರಾಜರಾಗುತ್ತಿದ್ದ ಜಾಗ. ಅಪ್ಪ ಪೌರಾಣಿಕ ನಾಟಕದಲ್ಲಿ ರಾಜಪಾರ್ಟು ಹಿಡಿದ ವರ್ಷ ನನ್ನನ್ನೂ ಜೊತೆಗೆ ಕರೆತಂದರು. ನೀವು ಹಾರ್ಮೋನಿಯಂ ಪೆಟ್ಟಿಗೆಯ ಪಕ್ಕ ಸರಿದು ಜಾಗ ಮಾಡಿಕೊಟ್ಟಿರಿ. ಅಲ್ಲಿಂದ ನಾನು ಇನ್ನೂ ಎದ್ದಿಲ್ಲ ಅಂತ ಒಮ್ಮೊಮ್ಮೆ ಅನ್ನಿಸುತ್ತದೆ.

ನೀವು ಅಪ್ಪನಿಗೆ ರಾಜನ ಮಾತನ್ನು ಹೇಳಿಕೊಡಲೇ ಇಲ್ಲ. ಮೊದಲು ಎದುರು ನಿಲ್ಲುವ ವೈರಿಯ ಮಾತು ಕಲಿಯಿರಿ ಅಂದಿರಿ. ದುಡ್ಡು ಕೊಟ್ಟು ಕಿರೀಟ ಹಿಡಿದವನು ನಾನು, ವೈರಿಯ ಮಾತು ಯಾಕೆ ಬಾಯಿಪಾಠ ಮಾಡಲಿ ಅಂತ ಅಪ್ಪ ಮನೆಗೆ ಬಂದು ಅಮ್ಮನ ಮೇಲೆ ಕೂಗಾಡಿದರು. ನೀವು ಜಗ್ಗಲಿಲ್ಲ. "ಎದುರಿನವನ ಪಾರ್ಟು ಹೊಟ್ಟೆಗೆ ಇಳೀಲಿ ಮಾದೇವಣ್ಣ, ನಿಮ್ಮ ಪಾರ್ಟು ತಾನಾಗೇ ಬತ್ತದೆ" ಅಂದಿರಿ. ಎಲ್ಲ ಡ್ರಾಮಾ ಮೇಷ್ಟ್ರುಗಳೂ ಹೀಗೇ ಕಲಿಸುತ್ತಾರೆ ಅಂದುಕೊಂಡು ದೊಡ್ಡವಳಾದೆ. ಊರೂರು ತಿರುಗಿ ನಾಟಕ ಮಾಡಿಸಲು ಶುರುಮಾಡಿದ ಮೇಲೆ ತಿಳಿಯಿತು, ಹಾಗೆ ಕಲಿಸುವವರು ಇನ್ನೊಬ್ಬರಿಲ್ಲ. ಇವತ್ತಿಗೂ ಹೊಸ ನಾಟಕಕ್ಕೆ ಕೂತರೆ ನನಗೆ ಇಷ್ಟವಿಲ್ಲದವರ ಮಾತನ್ನೇ ಮೊದಲು ಬರೆಯುತ್ತೇನೆ. ಪತ್ರಿಕೆಯವರು ಅದನ್ನು ನನ್ನ ಶೈಲಿ ಅನ್ನುತ್ತಾರೆ. ನಾನು ನಿಮ್ಮ ಹೆಸರು ಹೇಳುತ್ತೇನೆ, ಅವರು ಅದನ್ನು ಬಿಟ್ಟು ಬರೆಯುತ್ತಾರೆ.

ಅದಕ್ಕೇ ಈ ಸಲ ನಿಮ್ಮನ್ನೇ ಬರೆದೆ. ನಾಟಕದ ಹೆಸರು 'ಪೆಟ್ಟಿಗೆ ಮೇಷ್ಟ್ರು'. ಪ್ರತಿ ಇದರ ಜೊತೆಗಿದೆ. ನವೆಂಬರಿನಲ್ಲಿ ಮೈಸೂರಿನ ಕಲಾಮಂದಿರದಲ್ಲಿ ಮೊದಲ ಪ್ರಯೋಗ ಮಾಡಬೇಕೆಂದಿದ್ದೇವೆ. ನೀವು ಒಪ್ಪಿದರೆ ಮಾತ್ರ. ಮತ್ತೆ, ಮೇಷ್ಟ್ರೇ, ನೀವು ನನ್ನ ಒಂದು ನಾಟಕವನ್ನೂ ನೋಡಿಲ್ಲ. ನಾನು ಆಡಿಸುವ ಕಾಲಕ್ಕೆ ನೀವು ಯಾವುದೋ ಹಳ್ಳಿಯಲ್ಲಿ ಇನ್ಯಾರಿಗೋ ಕಲಿಸುತ್ತಿದ್ದಿರಿ. ನನಗೆ ನಲವತ್ತು ದಾಟಿತು. ನೀವು ಮುಂದೆ ಕೂತು ನೋಡಿ, ಬಂತು ಅಥವಾ ಬರಲಿಲ್ಲ ಅಂತ ಒಂದು ಮಾತು ಹೇಳಬೇಕು ಅನ್ನೋ ಆಸೆ ಮಾತ್ರ ಹೋಗಿಲ್ಲ. ಸನ್ನೆಯಾದರೂ ಸಾಕು.

ನಿಮ್ಮ ಶಿಷ್ಯೆ,
ಪವಿತ್ರ


ಮೇಟಗಳ್ಳಿ, ಮೈಸೂರು
2 ಜುಲೈ 2024

ಮಗಾ ಪವಿತ್ರ,

ಬದುಕಿದ್ದೇನೆ. ಕತ್ತಿನಲ್ಲಿ ಒಂದು ತೂತು ಇಟ್ಟಿದ್ದಾರೆ, ಉಸಿರು ಅಲ್ಲಿಂದಲೇ ಓಡಾಡುತ್ತದೆ. ರೀಡು ಕಿತ್ತ ಹಾರ್ಮೋನಿಯಂ ಥರ, ಗಾಳಿ ಇದೆ, ಸ್ವರ ಇಲ್ಲ. ಕುಸುಮ ಸ್ಲೇಟು ಬಳಪ ತಂದುಕೊಟ್ಟಿದ್ದಾಳೆ. ಕಾಫಿ ಅಂತ ಬರೆದರೆ ಕಾಫಿ ಬರುತ್ತದೆ. ಇನ್ನೊಂದು ಲೋಟ ಅಂತ ಬರೆದರೆ ಸ್ಲೇಟನ್ನೇ ಒರೆಸಿಬಿಡುತ್ತಾಳೆ. ಮೊಬೈಲಿನಲ್ಲಿ ಕನ್ನಡ ಒತ್ತುವುದನ್ನು ಕಲಿ ಅಂದಳು. ನನ್ನ ಹೆಬ್ಬೆರಳಿಗೆ ಒಂದೇ ಏಟಿಗೆ ಮೂರು ಅಕ್ಷರ ಸಿಗುತ್ತವೆ. ನಮ್ಮಂಥವರಿಗೆ ಕಾಗದವೇ ಸರಿ.

ನಿನ್ನ ನಾಟಕ ಓದಿದೆ. ಕನ್ನಡಕ ಬದಲಿಸಿ ಮತ್ತೆ ಓದಿದೆ. ಭಾಷೆ ಚೊಕ್ಕಟವಾಗಿದೆ. ಆದರೆ ಮೊದಲನೇ ದೃಶ್ಯದಲ್ಲೇ ನಾನು ದೇವರಾಗಿಬಿಟ್ಟಿದ್ದೇನೆ ಕಣಮ್ಮ. ಊದುಬತ್ತಿ ಒಂದು ಕಡಿಮೆ. ನಾನು ಬೈದರೂ ಅದರಲ್ಲೊಂದು ಅರ್ಥ, ಬೀಡಿ ಸೇದಿದರೂ ಅದರಲ್ಲೊಂದು ಅರ್ಥ. ಈ ಗಂಟಲು ಹೋಗಿದ್ದೇ ಆ ಬೀಡಿಯಿಂದ, ಅದರಲ್ಲಿ ಯಾವ ಅರ್ಥವೂ ಇಲ್ಲ. ಎರಡನೆಯದರಲ್ಲಿ ಒಂದು ಚುರುಕು ಹುಡುಗಿ ಬರುತ್ತಾಳೆ. ಅವಳು ನೀನು. ನಾಟಕ ಮುಗಿಯುವವರೆಗೂ ನಾನು ಕೊಡುವುದು, ನೀನು ಇಸಿದುಕೊಳ್ಳುವುದು. ಇದು ಸನ್ಮಾನ ಸಮಾರಂಭ. ನಾಟಕ ಅಲ್ಲ.

ನಿನಗೆ ನಾನು ಕಲಿಸಿದ್ದನ್ನು ಕಾಗದದ ಮೊದಲ ಪುಟದಲ್ಲಿ ನನಗೇ ಬರೆದು ಕಳಿಸಿದ್ದೀಯ. ಆಮೇಲೆ ಅದನ್ನು ಬಿಟ್ಟು ನಾಟಕ ಬರೆದಿದ್ದೀಯ. ಎದುರಿನ ಪಾರ್ಟು ಎಲ್ಲಿ? ಆ ಶೆಡ್ಡಿಗೂ ಮನೆಗೂ ನಡುವೆ ಒಂದೇ ಗೋಡೆ ಇತ್ತು. ಗೋಡೆಯ ಆಚೆ ನಿನ್ನ ವಯಸ್ಸಿನ ಇನ್ನೊಂದು ಹುಡುಗಿ ಇತ್ತು. ಅವಳು ನಿನ್ನ ನಾಟಕದಲ್ಲಿ ಒಂದು ಸಲ ನೀರು ತಂದುಕೊಡುವುದಕ್ಕೂ ಬರುವುದಿಲ್ಲ.

ನನ್ನ ಒಪ್ಪಿಗೆ ಕೇಳಿದ್ದೀಯ. ಕುಸುಮಳನ್ನು ಕೇಳು. ಅವಳು ಆಡಿ ಅಂದರೆ ಆಡಿ, ನಾನು ಬಂದು ಕೂರುತ್ತೇನೆ. ಅವಳು ಬೇಡ ಅಂದರೆ ನಾನು ಸತ್ತ ಮೇಲೂ ಬೇಡ.

ಮಾದೇವಣ್ಣನಿಗೆ ಕೇಳಿದೆ ಅಂತ ಹೇಳು.

ಮಂಟಯ್ಯ


ಧಾರವಾಡ
14 ಜುಲೈ 2024

ಪ್ರೀತಿಯ ಕುಸುಮಾ,

ನಿಮ್ಮವ್ವ ತೀರಿಕೊಂಡಾಗ ಬರೆದದ್ದೇ ಕೊನೆ, ಆಮೇಲೆ ನಾನು ನಿನಗೆ ಕಾಗದ ಬರೆದಿಲ್ಲ. ಈಗ ಕೆಲಸ ಬಿದ್ದಾಗ ನೆನಪಾದೆನಾ ಅಂತ ನೀನು ಕೇಳಬಹುದು. ಕೇಳಿದರೆ ಹೌದು ಅನ್ನುತ್ತೇನೆ.

ಮೇಷ್ಟ್ರ ಮೇಲೆ ನಾಟಕ ಬರೆದಿದ್ದೇನೆ. ಪ್ರತಿ ನಿಮ್ಮ ಮನೆಯಲ್ಲೇ ಇದೆ. ನೀನು ಒಪ್ಪದೆ ಆಡಕೂಡದು ಅಂತ ಮೇಷ್ಟ್ರು ಬರೆದಿದ್ದಾರೆ. ಮೊದಲು ನನಗೆ ಬೇಜಾರಾಯಿತು. ಇಷ್ಟು ವರ್ಷ ಮೇಷ್ಟ್ರೂ ನಾನೂ ಅಂತ ಇದ್ದ ಜಾಗಕ್ಕೆ ಇದ್ದಕ್ಕಿದ್ದಂತೆ ನೀನು ಬಂದು ಕೂತ ಹಾಗಾಯಿತು. ಆಮೇಲೆ ನಾಚಿಕೆಯೂ ಆಯಿತು, ಆ ಮನೆ ನಿನ್ನದು.

ಬಿಡುವಾದಾಗ ಓದು. ಸರಿಯಿಲ್ಲದ್ದನ್ನು ಹೇಳು. ನಾನು ತಿದ್ದುತ್ತೇನೆ. ಮೇಷ್ಟ್ರು ಇದನ್ನು ನೋಡಬೇಕು ಅನ್ನುವುದು ಬಿಟ್ಟರೆ ನನಗೆ ಇನ್ನೇನೂ ಬೇಡ. ಅವರ ಆರೋಗ್ಯ ನಿನಗೇ ಚೆನ್ನಾಗಿ ಗೊತ್ತು. ಮುಂದಿನ ವರ್ಷ ನೋಡೋಣ ಅನ್ನುವ ಧೈರ್ಯ ನನಗಿಲ್ಲ.

ನಿನ್ನ
ಪವಿತ್ರ


ಮೇಟಗಳ್ಳಿ
11 ಆಗಸ್ಟ್ 2024

ಪವಿತ್ರ,

ಕಾಗದ ಬಂತು. ಫೋನ್ ಮಾಡೋಣ ಅಂದುಕೊಂಡೆ, ಮಾಡಿದರೆ ಜಗಳ ಆಡಿಬಿಡ್ತೀನಿ ಅಂತ ಬರೆಯುತ್ತಿದ್ದೇನೆ.

ಅಪ್ಪ ಪರವಾಗಿಲ್ಲ. ಗಂಜಿ ಬಿಟ್ಟು ಮೆತ್ತನೆ ಅನ್ನಕ್ಕೆ ಬಂದಿದ್ದಾನೆ. ನನಗೆ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ, ಬೆಳಗಿನ ಪಾಳಿ ಇದ್ದರೆ ಮಧ್ಯಾಹ್ನ ಬಂದು ಅವನಿಗೆ ಬಡಿಸ್ತೀನಿ. ಮಧ್ಯಾಹ್ನದ ಪಾಳಿ ಇದ್ದರೆ ಪಕ್ಕದ ಮನೆ ಪುಟ್ಟಬಸಮ್ಮ ನೋಡಿಕೊಳ್ತಾಳೆ.

ನಿನ್ನ ನಾಟಕ ಓದಿದೆ. ಅದರಲ್ಲಿ ಮೇಷ್ಟ್ರಿಗೆ ಹೆಂಡತಿ ಇದ್ದಾಳೆ, ಕಾಫಿ ತಂದುಕೊಡ್ತಾಳೆ. ಮಗಳೇ ಇಲ್ಲ. ಇಲ್ಲದವಳ ಒಪ್ಪಿಗೆ ನಿಮಗೆಲ್ಲ ಯಾಕೆ ಬೇಕು?

ಕುಸುಮ


ಧಾರವಾಡ
1 ಸೆಪ್ಟೆಂಬರ್ 2024

ಕುಸುಮಾ,

ನಿನ್ನ ಕೊನೇ ಸಾಲು ಓದಿದೆ. ನೀನು ಹೇಳಿದ್ದು ಸರಿ.

ಹೊಸ ದೃಶ್ಯ ಬರೆದಿದ್ದೇನೆ, ಜೊತೆಗಿಟ್ಟಿದ್ದೇನೆ. ಈಗ ಮೇಷ್ಟ್ರಿಗೆ ಮಗಳಿದ್ದಾಳೆ. ಶೆಡ್ಡಿಗೆ ಬರಬಾರದು ಅಂತ ಅವಳಿಗೆ ಅಪ್ಪನ ಅಪ್ಪಣೆ. ಅವಳು ಅಡುಗೆಮನೆ ಬಾಗಿಲ ಹಿಂದೆ ನಿಂತು ಎಲ್ಲ ಹಾಡನ್ನೂ ಕದ್ದು ಕಲಿಯುತ್ತಾಳೆ. ಕೊನೆಗೆ ಮೇಷ್ಟ್ರ ದನಿ ಹೋದ ದಿನ ಅವಳೇ ಪೆಟ್ಟಿಗೆ ಮುಂದೆ ಕೂತು ಹಾಡುತ್ತಾಳೆ, ಮೇಷ್ಟ್ರು ಬೆಚ್ಚಿ ತಿರುಗಿ ನೋಡುತ್ತಾರೆ. ನಮ್ಮ ತಂಡದಲ್ಲಿ ಓದಿದಾಗ ಇಬ್ಬರು ಅತ್ತರು. ಮಗಳ ಪಾರ್ಟು ಮಾಡುವ ಕೀರ್ತಿಗೆ ಓದುವುದಕ್ಕೇ ಆಗಲಿಲ್ಲ.

ನಿನಗೆ ಸಲ್ಲಬೇಕಾದದ್ದು ಇಷ್ಟಾದರೂ ಸಂದಿತು ಅಂದುಕೊಳ್ಳಲೇ?

ಪವಿತ್ರ


ಮೈಸೂರು
19 ಸೆಪ್ಟೆಂಬರ್ 2024

ಪವಿತ್ರ,

ನಿನ್ನ ದೃಶ್ಯವನ್ನು ಡಿಪೋದ ರೆಸ್ಟ್ ರೂಮಿನಲ್ಲಿ ಓದಿದೆ. ಓದಿ ಊಟದ ಡಬ್ಬಿ ಹಾಗೇ ಮುಚ್ಚಿಟ್ಟೆ, ಅಷ್ಟು ಕೋಪ ಬಂತು.

ಅದು ಸುಳ್ಳು. ನಾನು ಯಾವ ಬಾಗಿಲ ಹಿಂದೆಯೂ ನಿಂತವಳಲ್ಲ. ನನಗೆ ಒಂದು ಹಾಡೂ ಬರುವುದಿಲ್ಲ. ಆ ಪೆಟ್ಟಿಗೆಯ ಸದ್ದು ಶುರುವಾಯಿತು ಅಂದರೆ ನಾನು ಎದ್ದು ಪುಟ್ಟಬಸಮ್ಮನ ಮನೆಗೆ ಟಿವಿ ನೋಡಲು ಹೋಗುತ್ತಿದ್ದೆ. ಜಾಹೀರಾತು ಬಂದರೂ ಎದ್ದು ಬರುತ್ತಿರಲಿಲ್ಲ. ನಿಮ್ಮಂಥವರಿಗೆ ಇದೊಂದು ಕಾಯಿಲೆ ಕಣೇ. ನಿಮಗೆ ಸಿಕ್ಕಿದ್ದು ಯಾರಿಗೆ ಸಿಗಲಿಲ್ಲವೋ ಅವರೆಲ್ಲ ಅದಕ್ಕೇ ಅತ್ತುಕೊಂಡು ಕೂತಿದ್ದರು ಅಂದುಕೊಳ್ಳುತ್ತೀರಿ. ನನಗೆ ನಾಟಕ ಬೇಕಾಗಿರಲಿಲ್ಲ. ನನಗೆ ಅಪ್ಪ ಬೇಕಾಗಿತ್ತು.

ನಾನು ಯಾವ ಕ್ಲಾಸು ಅಂತ ಅಪ್ಪನಿಗೆ ಗೊತ್ತಿರುತ್ತಿರಲಿಲ್ಲ. ನಿನಗೆ ಯಾವ ಸಾಲಿನ ಹತ್ತಿರ ಉಸಿರು ಸಾಲದು ಅಂತ ಗೊತ್ತಿರುತ್ತಿತ್ತು. ನನಗೆ ಕಾಮಾಲೆ ಆದಾಗ ಅವ್ವ ಒಬ್ಬಳೇ ನನ್ನನ್ನು ಔಷಧಿಗೆ ಕರೆದುಕೊಂಡು ಹೋಗುತ್ತಿದ್ದಳು. ಅಪ್ಪ ನಂಜನಗೂಡಿನ ಕಡೆ ಯಾವುದೋ ಊರಿನವರಿಗೆ ಯುದ್ಧದ ಸೀನು ಕಲಿಸುತ್ತಿದ್ದ. ಬಂದವನು ಕಣ್ಣು ನೋಡಿ, "ಏನ್ಲಾ ಕೂಸೆ, ಅಳದಿ ಬಳ್ಕೊಂಡಿದ್ದೀಯಾ?" ಅಂದ. ತಮಾಷೆಗೆ ಅಂದದ್ದು. ಅವ್ವ ಅವತ್ತು ಅವನಿಗೆ ಊಟ ಬಡಿಸಲಿಲ್ಲ.

ನಿನ್ನ ಮೇಲೆ ನನಗೆ ಪೂರ್ತಿ ಸಿಟ್ಟು ಯಾವತ್ತೂ ಬರಲಿಲ್ಲ, ಅದು ಬೇರೆ ವಿಷಯ. ನಿಮ್ಮಪ್ಪ ಸಂಜೆಯೆಲ್ಲ ನಮ್ಮ ಶೆಡ್ಡಿನಲ್ಲಿ ರಾಜನಾಗಿ ಮೆರೆದರೂ ನಮ್ಮ ಮನೆ ಕಾಫಿ ಕುಡಿಯುತ್ತಿರಲಿಲ್ಲ. ನೀನು ಕುಡಿಯುತ್ತಿದ್ದೆ, ಲೋಟದ ತಳದ ಸಕ್ಕರೆಯನ್ನೂ ಬೆರಳಲ್ಲಿ ತೆಗೆದು ನೆಕ್ಕುತ್ತಿದ್ದೆ. ಅವ್ವನಿಗೆ ಅದಕ್ಕೇ ನೀನೆಂದರೆ ಇಷ್ಟ ಇತ್ತು.

ಈ ಕಾಗದವನ್ನು ಅಪ್ಪನ ಮುಂದೆ ಇಟ್ಟು, "ಓದ್ಬುಡು, ಆಮೇಲೆ ಅಂಟಿಸ್ತೀನಿ" ಅನ್ನುತ್ತೇನೆ. ಅವನ ಹಿಂದಿನಿಂದ ಬರೆದದ್ದು ಅಂತ ಆಗಬಾರದು.

ನೀನು ಬೇಕಾದರೆ ನಾಟಕ ಮಾಡು. ಅಳುವ ಮಗಳನ್ನು ನಿಲ್ಲಿಸಿ ಜನರ ಹತ್ತಿರ ಚಪ್ಪಾಳೆ ಹೊಡೆಸಬೇಡ. ಅವಳು ನಾನಲ್ಲ.

ಕುಸುಮ


ಮೇಟಗಳ್ಳಿ
23 ಸೆಪ್ಟೆಂಬರ್ 2024

ಮಗಾ ಪವಿತ್ರ,

ಕುಸುಮ ಬರೆದದ್ದನ್ನು ನಾನು ಓದಿದ ಮೇಲೆಯೇ ಅಂಚೆಗೆ ಹಾಕಿದಳು. ನೀನು ನನಗೇನೂ ಸಮಾಧಾನ ಬರೆಯಬೇಡ.

ಅವಳನ್ನು ಶೆಡ್ಡಿಗೆ ಯಾಕೆ ಬಿಡಲಿಲ್ಲ ಅಂತ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಸ್ತ್ರೀಪಾರ್ಟಿಗೆ ಹೊರಗಿನಿಂದ ಬರುತ್ತಿದ್ದ ಹೆಂಗಸರನ್ನು ನೀನು ನೋಡಿದ್ದೀಯ. ಎಷ್ಟು ಚೆನ್ನಾಗಿ ಹಾಡುತ್ತಿದ್ದರು. ಎದುರಿಗೆ ಎಲ್ಲರೂ ಮೇಡಂ ಅಂತ ಕರೆಯುತ್ತಿದ್ದರು. ಅವರು ಬಣ್ಣ ಒರೆಸಿಕೊಳ್ಳಲು ಹೋದಾಗ ಅದೇ ಬಾಯಿಗಳು ಏನೇನು ಆಡುತ್ತಿದ್ದವು ಅಂತ ಪೆಟ್ಟಿಗೆ ಮುಂದೆ ಕೂತ ನನ್ನ ಕಿವಿಗೆ ಗೊತ್ತು. ಮಾದೇವಣ್ಣನ ಮಗಳು ಪಾರ್ಟು ಮಾಡಿದರೆ ಹುಡುಗಿ ಚೂಟಿ ಅನ್ನುತ್ತಾರೆ. ಮಂಟಯ್ಯನ ಮಗಳು ಮಾಡಿದರೆ ಏನನ್ನುತ್ತಾರೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ ಅವಳು ಆ ಗೋಡೆಯ ಆಚೆಗೇ ಇರಲಿ ಅಂದುಕೊಂಡೆ. ನಿನಗೆ ಹೇಳಿಕೊಡುವಾಗೆಲ್ಲ, ಇದನ್ನು ನನ್ನ ಮಗಳಿಗೆ ಕೊಡಲಾಗಲಿಲ್ಲವಲ್ಲ ಅಂತ ಅನ್ನಿಸುತ್ತಿತ್ತು. ನಿನಗೆ ನಾನು ಅಷ್ಟು ಒತ್ತಿ ಕಲಿಸಿದ್ದು ಅದಕ್ಕೂ ಇರಬಹುದು.

ಈಗ ನೋಡಿದರೆ ಅವಳಿಗೆ ಅದು ಬೇಕಾಗೇ ಇರಲಿಲ್ಲ. ನಾನು ಕೊಡದೆ ಇದ್ದದ್ದೇ ಒಂದು, ಅವಳು ಕೇಳುತ್ತಿದ್ದದ್ದೇ ಇನ್ನೊಂದು. ನಾನು ಅವಳ ಪಾರ್ಟನ್ನು ಕಲಿಯಲಿಲ್ಲ. ಈಗ ವಯಸ್ಸಾಯಿತು, ಬಾಯಿಪಾಠ ನಿಲ್ಲುವುದಿಲ್ಲ.

ನಿನ್ನ ನಾಟಕದ ವಿಷಯ ನೀನುಂಟು ಅವಳುಂಟು.

ಮಂಟಯ್ಯ


ಧಾರವಾಡ
20 ಅಕ್ಟೋಬರ್ 2024

ಕುಸುಮಾ,

ದಸರಾ ಮುಗಿಯಲಿ ಅಂತ ಕಾದೆ. ಆ ಜನಜಂಗುಳಿಯಲ್ಲಿ ನಿನಗೆ ಬಸ್ಸಿನಲ್ಲಿ ಕೈಕಾಲು ಆಡಿಸುವುದಕ್ಕೂ ಆಗಿರುವುದಿಲ್ಲ.

ಹಳೆಯ ದೃಶ್ಯ ಹರಿದುಹಾಕಿದೆ. ನಾಟಕವನ್ನು ಮೊದಲಿನಿಂದ ಬರೆದೆ, ಈ ಸಲ ನಿನ್ನ ಕಡೆಯಿಂದ ಶುರುಮಾಡಿ. ಇದರಲ್ಲಿ ಮಗಳು ಹಾಡುವುದಿಲ್ಲ, ಅಳುವುದಿಲ್ಲ. ಹಾರ್ಮೋನಿಯಂ ಶುರುವಾದಾಗಲೆಲ್ಲ ಎದ್ದು ಪಕ್ಕದ ಮನೆಗೆ ಹೋಗುತ್ತಾಳೆ. ಅವಳು ಹೋದದ್ದು ಜನರಿಗೆ ಕಾಣುತ್ತದೆ, ಮೇಷ್ಟ್ರಿಗೆ ಕಾಣುವುದಿಲ್ಲ, ಅವರ ಬೆರಳು ಪೆಟ್ಟಿಗೆಯ ಮೇಲೇ ಇರುತ್ತದೆ. ಅವಳು ಇಡೀ ನಾಟಕದಲ್ಲಿ ಅಪ್ಪನಿಗೆ ಹೇಳುವ ಮಾತು ಒಂದೇ, ಇವತ್ತಾದರೂ ಬೇಗ ಬಾ ಅಂತ.

ಶಿಷ್ಯೆಯ ಪಾರ್ಟು ಮಾಡುವ ಭಾನುಪ್ರಿಯಾಳಿಗೆ ನನ್ನ ಮೇಲೆ ಸಿಟ್ಟು ಬಂದಿದೆ. "ಮೇಡಂ, ಮೊದ್ಲು ನಾನು ಎಷ್ಟು ಒಳ್ಳೇವ್ಳಾಗಿದ್ದೆ" ಅಂತಾಳೆ. ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ.

ಇದು ನಾನು ಬರೆದುದರಲ್ಲೆಲ್ಲ ಒಳ್ಳೆಯ ನಾಟಕ ಅಂತ ನನಗೆ ಗೊತ್ತು. ಆದರೂ ನೀನು ಬೇಡ ಅಂದರೆ ಬೇಡ. ಮೇಷ್ಟ್ರು ನೋಡುವುದಿಲ್ಲ ಅಂತ ದುಃಖವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಪವಿತ್ರ


ಮೇಟಗಳ್ಳಿ
6 ನವೆಂಬರ್ 2024

ಪವಿತ್ರ,

ಓದಿದೆ. ಆ ಹುಡುಗಿ ಚಪ್ಪಲಿ ಹುಡುಕಿಕೊಂಡು ಹೊರಗೆ ಹೋಗುವುದು ಸರಿಯಾಗಿದೆ. ಅಪ್ಪನಿಗೂ ಕೊಟ್ಟೆ. ಓದಿ ಸ್ಲೇಟನ್ನು ಒರೆಸಿ ಪಕ್ಕಕ್ಕಿಟ್ಟ. ಮಾರನೇ ದಿನ ಕಾಫಿ ಅಂತ ಬರೆದ.

ಆಡಿ. ನನ್ನದೇನೂ ಅಡ್ಡಿಯಿಲ್ಲ.

ನಾನು ಮಾತ್ರ ಬರುವುದಿಲ್ಲ. ನೀವು ನಾಟಕ ಗೊತ್ತುಮಾಡಿರುವ ಭಾನುವಾರ ಮಧ್ಯಾಹ್ನದ ಪಾಳಿಯನ್ನು ಬೇಕಂತಲೇ ಹಾಕಿಸಿಕೊಂಡಿದ್ದೇನೆ. ಓದುವುದು ಬೇರೆ, ನಾಲ್ಕು ಜನರ ನಡುವೆ ಕೂತು ನೋಡುವುದು ಬೇರೆ. ಈ ತಿಂಗಳು ನನಗೆ ಮೇಟಗಳ್ಳಿ ರೂಟೇ ಇದೆ. ಅಪ್ಪನನ್ನು ನನ್ನ ಬಸ್ಸಿಗೇ ಹತ್ತಿಸಿಕೊಂಡು ರೈಲ್ವೆ ಸ್ಟೇಷನ್ ಸ್ಟಾಪಿನಲ್ಲಿ ಇಳಿಸುತ್ತೇನೆ. ನಿಮ್ಮವರು ಯಾರಾದರೂ ಬಂದು ಕರೆದುಕೊಂಡು ಹೋಗಲಿ. ಧೂಳಿನ ಕಡೆ ಕೂರಿಸಬೇಡಿ, ಕತ್ತಿನ ಬಟ್ಟೆ ಜಾರದ ಹಾಗೆ ನೋಡಿಕೊಳ್ಳಿ.

ಬಿಳಿ ಶರಟು ಇಸ್ತ್ರಿ ಮಾಡಿಸಿಕೊಂಡು ಬಂದಿದ್ದಾನೆ.

ಕುಸುಮ


ಧಾರವಾಡ
26 ನವೆಂಬರ್ 2024

ಮೇಷ್ಟ್ರಿಗೆ,

ಭಾನುವಾರ ನಾಟಕ ಆಯಿತು. ಎಲ್ಲರೂ ಚೆನ್ನಾಗಿ ಬಂತು ಅಂದರು. ಆ ಎಲ್ಲರೂ ನನಗೆ ಸಾಕಾಗಲಿಲ್ಲ.

ಮುಂದಿನ ಸಾಲಿನಲ್ಲಿ ನಿಮ್ಮ ಕುರ್ಚಿ ಖಾಲಿ ಇತ್ತು. ಯಾರೋ ಬಂದು ಕೂರಲು ನೋಡಿದರು, ಅಪ್ಪ ಎಬ್ಬಿಸಿ ಕಳಿಸಿದರು. ನಿಮ್ಮನ್ನು ಕರೆತರಲು ನಮ್ಮ ಮ್ಯಾನೇಜರ್ ಮಹೇಂದ್ರನನ್ನು ಸ್ಟೇಷನ್ನಿನ ಹತ್ತಿರ ನಿಲ್ಲಿಸಿದ್ದೆ. ಅವನು ವಾಪಸ್ ಬಂದು ಹೇಳಿದ್ದನ್ನು ನಾನು ನಂಬಲಿಲ್ಲ. ಬಸ್ಸು ಬಂತಂತೆ. ಕಿಟಕಿ ಪಕ್ಕದಲ್ಲಿ ಬಿಳಿ ಶರಟು ಹಾಕಿಕೊಂಡು ನೀವು ಕೂತಿದ್ದಿರಂತೆ. ಅವನು ಕೈ ಬೀಸಿದನಂತೆ, ನೀವೂ ನೋಡಿದಿರಂತೆ. ಇಳಿಯಲಿಲ್ಲವಂತೆ. ಬಸ್ಸು ಹೊರಟುಹೋಯಿತಂತೆ.

ಮರುದಿನ ಬೆಳಿಗ್ಗೆ ತಂಡದ ಜೊತೆ ರೈಲು ಹತ್ತಬೇಕಿತ್ತು, ಇಲ್ಲದಿದ್ದರೆ ಮನೆಗೇ ಬಂದು ಕೇಳುತ್ತಿದ್ದೆ. ಬರದೆ ಇದ್ದದ್ದೂ ಒಳ್ಳೆಯದಾಯಿತೇನೋ, ಬಂದಿದ್ದರೆ ಚಿಕ್ಕ ಹುಡುಗಿಯ ಥರ ಅಳುತ್ತಿದ್ದೆ. ಹುಷಾರು ತಪ್ಪಿತ್ತು ಅಂದರೆ ನನಗೆ ಅರ್ಥವಾಗುತ್ತದೆ. ಆದರೆ ಅಲ್ಲಿಯವರೆಗೆ ಬಂದು, ನೋಡಿ, ಇಳಿಯದೆ ಹೋದಿರಲ್ಲ. ಯಾಕೆ ಮೇಷ್ಟ್ರೇ?

ಪವಿತ್ರ


ಮೇಟಗಳ್ಳಿ
4 ಡಿಸೆಂಬರ್ 2024

ಪವಿತ್ರ,

ನಿನ್ನ ಕಾಗದವನ್ನು ಅಪ್ಪ ಓದಿ ನನ್ನ ಕಡೆಗೆ ತಳ್ಳಿದ. ನೀನೇ ಬರೆ ಅಂತ. ಅದಕ್ಕೇ ಬರೆಯುತ್ತಿದ್ದೇನೆ.

ಅವತ್ತು ಅವನಿಗೆ ಹುಷಾರು ತಪ್ಪಿರಲಿಲ್ಲ. ಊಟ ಮಾಡಿ, ತಲೆ ಬಾಚಿಕೊಂಡು ನನಗಿಂತ ಮೊದಲೇ ಸ್ಟಾಪಿನಲ್ಲಿ ನಿಂತಿದ್ದ. ನಾನು ಕೆಲಸಕ್ಕೆ ಸೇರಿ ಇಷ್ಟು ವರ್ಷವಾಯಿತು, ನನ್ನ ಡ್ಯೂಟಿಯ ಬಸ್ಸಿಗೆ ಅಪ್ಪ ಹತ್ತಿದ್ದು ಅದೇ ಮೊದಲು. ಸ್ಟೇಷನ್ನಿಗೆ ಅಂತ ಟಿಕೆಟ್ ಕೊಟ್ಟು ಕಿಟಕಿ ಪಕ್ಕ ಕೂರಿಸಿದೆ. ಭಾನುವಾರ ಅಲ್ಲವಾ, ಒಂಟಿಕೊಪ್ಪಲಿನಲ್ಲಿ ಜನವೋ ಜನ. ಹೆಂಗಸರಿಗೆ ಫ್ರೀ ಆದಮೇಲೆ ಕೇಳಬೇಡ. ಒಬ್ಬಳ ಬ್ಯಾಗು ಇನ್ನೊಬ್ಬಳ ಜಡೆಗೆ ಸಿಕ್ಕಿಕೊಂಡು ಜಗಳ. ಗೋಕುಲಂ ಕಡೆಯ ಒಬ್ಬ ಫಾರಿನ್ ಹೆಂಗಸು ಯೋಗದ ಚಾಪೆ ಸುತ್ತಿ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಳು. "ಒಳಗೆ ಬಾರಮ್ಮ, ಚಾಪೆ ಆಮೇಲೆ ಹಾಸ್ಕೊಳೋವಂತೆ" ಅಂದೆ. ಅವಳಿಗೆ ಏನು ತಿಳಿಯಿತೋ, ಒಳಗೆ ಬಂದಳು, ಎಲ್ಲರೂ ನಕ್ಕರು.

ಸ್ಟೇಷನ್ ಬಂತು. "ಅಪ್ಪಾ, ಇಳ್ಕೊ. ಅಲ್ ನೋಡು, ಕೈ ಬೀಸ್ತಾವ್ರೆ" ಅಂದೆ. ಅಪ್ಪ ಆ ಹುಡುಗನನ್ನು ನೋಡಿದ, ನನ್ನನ್ನು ನೋಡಿದ. ಜೇಬಿನಿಂದ ಒಂದು ನೋಟು ತೆಗೆದು, ಮುಂದಕ್ಕೆ ಟಿಕೆಟ್ ಕೊಡು ಅಂತ ಕೈ ತೋರಿಸಿದ. ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಡ್ರೈವರ್ ಗೋವಿಂದರಾಜು, "ರೈಟ್ ಅನ್ನಮ್ಮ, ಏನ್ ಮಾಡ್ತಿದ್ದೀಯಾ" ಅಂತ ಕೂಗಿದರು. ಇನ್ನೇನು ಮಾಡಲಿ, ರೈಟ್ ಅಂದೆ, ಟಿಕೆಟ್ ಕೊಟ್ಟೆ.

ನಾಟಕ ನೋಡಲು ಹೆದರಿಕೊಂಡ ಅಂದುಕೊಂಡೆ. ನನಗೆ ಅವಮಾನವೂ ಆಯಿತು, ನಿನಗೆ ಏನು ಹೇಳುವುದು ಅಂತ. ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದರು, ಅವನು ಇಳಿಯಲಿಲ್ಲ. ಎದ್ದು ಹೋಗಿ ಕಟ್ಟಕಡೆಯ ಸೀಟಿನಲ್ಲಿ ಕೂತು ಸನ್ನೆಯಲ್ಲೇ ಮೇಟಗಳ್ಳಿಗೆ ಟಿಕೆಟ್ ಕೇಳಿದ. ಅಲ್ಲಿ ಹೋದರೆ ಮತ್ತೆ ಬಸ್ ಸ್ಟ್ಯಾಂಡಿಗೆ ಕೇಳಿದ. "ಮನೆ ಬಂತಲ್ಲಪ್ಪ, ಓಗು" ಅಂತ ಗದರಿದೆ. ತಲೆ ಅಲ್ಲಾಡಿಸಿದ. ಆಮೇಲೆ ಗೊತ್ತಾಯಿತು, ಅವನು ಕಿಟಕಿಯಿಂದ ಹೊರಗೆ ನೋಡುತ್ತಲೇ ಇಲ್ಲ. ನನ್ನನ್ನು ನೋಡುತ್ತಿದ್ದಾನೆ.

ಮೆಷಿನ್ನಿನಲ್ಲಿ ತಪ್ಪು ಸ್ಟಾಪು ಒತ್ತಿ ಒಬ್ಬರ ಹತ್ತಿರ ಬೈಸಿಕೊಂಡೆ. ಕುಡಿದವನೊಬ್ಬ ಮೆಟ್ಟಿಲ ಮೇಲೆ ನಿಂತು ಗಲಾಟೆ ಮಾಡಿದ, ಅವನನ್ನು ಆಕಾಶವಾಣಿ ಹತ್ತಿರ ಇಳಿಸಿದೆ. ಟಿಕೆಟ್, ಟಿಕೆಟ್ ಅನ್ನುತ್ತಾ ಹಿಂದಕ್ಕೆ ಹೋದಾಗಲೆಲ್ಲ ಅಪ್ಪ ಅಲ್ಲಿ ಕೂತಿರುತ್ತಿದ್ದ. ಒಂದು ಸಲ ಅಳು ಬಂದುಬಿಟ್ಟಿತು. ಜನರ ಕಡೆ ಬೆನ್ನು ಮಾಡಿ, ಚಿಲ್ಲರೆ ಎಣಿಸುವ ಹಾಗೆ ಬ್ಯಾಗಿನಲ್ಲಿ ಕೈ ಹಾಕಿಕೊಂಡು ಅತ್ತೆ.

ಪಾಳಿ ಮುಗಿಯುವ ಟ್ರಿಪ್ಪಿನಲ್ಲಿ ಬಸ್ಸು ಖಾಲಿಯಾಯಿತು. ಗೋವಿಂದರಾಜು ಕನ್ನಡಿಯಲ್ಲಿ ನೋಡಿ, "ಯಾರಮ್ಮ ಅವ್ರು, ಮಧ್ಯಾಹ್ನದಿಂದ ಕೂತವ್ರೆ?" ಅಂದರು. "ನಮ್ಮಪ್ಪ" ಅಂದೆ. ಅಪ್ಪ ಚೀಲದಿಂದ ಸ್ಲೇಟು ತೆಗೆದು ಬರೆದು ತೋರಿಸಿದ. "ನಿನ್ನ ದನಿ ಕೊನೇ ಸೀಟಿಗೂ ಕೇಳ್ತದೆ" ಅಂತ ಬರೆದಿತ್ತು.

ಇದಕ್ಕೆ ಏನು ಅರ್ಥವೋ ನನಗೆ ತಿಳಿಯಲಿಲ್ಲ. ಕೂಗುವುದು ನನ್ನ ಕೆಲಸ, ಕೇಳದೆ ಏನು? ಹೊಗಳಿದ್ದೋ, ಹೆಣ್ಣಾಗಿ ಇಷ್ಟು ಜೋರಾಗಿ ಕಿರಿಚುತ್ತೀಯ ಅಂತ ಬೈದದ್ದೋ? ಕೇಳೋಣ ಅಂದರೆ ಅಷ್ಟರಲ್ಲಿ ಒರೆಸಿಬಿಟ್ಟ. ನೀನು ಅವನ ಹತ್ತಿರ ಕಲಿತವಳು, ನಿನಗೆ ಗೊತ್ತಿರುತ್ತದೆ. ಹೇಳು.

ನಾಟಕಕ್ಕೆ ಬರಲಿಲ್ಲ ಅಂತ ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಮಾಡಿಕೊಂಡರೂ ಮಾಡಿಕೋ. ನಾನು ಇಷ್ಟು ವರ್ಷ ಮಾಡಿಕೊಂಡಿದ್ದೆ, ಏನೂ ಆಗಲಿಲ್ಲ.

ಕುಸುಮ


ಧಾರವಾಡ
9 ಡಿಸೆಂಬರ್ 2024

ಕುಸುಮಾ,

ಹೊಗಳಿದ್ದು ಕಣೇ.

ಮೇಷ್ಟ್ರ ಬಾಯಲ್ಲಿ ಭೇಷ್, ಶಹಬ್ಬಾಸ್ ಅನ್ನುವ ಮಾತೇ ಇರಲಿಲ್ಲ. ಹಿಂದೆ ಚಾಪೆ ಮೇಲೆ ಕೂತ ಮುದುಕಿಗೆ ಮಾತು ಮುಟ್ಟದಿದ್ದರೆ ಅದು ಪಾರ್ಟೇ ಅಲ್ಲ ಅನ್ನುತ್ತಿದ್ದರು. ಯಾರದಾದರೂ ಪಾರ್ಟು ಪೂರ್ತಿ ಒಪ್ಪಿಗೆಯಾದರೆ, ನಾಟಕದ ಹಿಂದಿನ ದಿನ ಅವರನ್ನು ಪೆಟ್ಟಿಗೆಯ ಹತ್ತಿರ ಕರೆದು ನಿನಗೆ ಬರೆದು ತೋರಿಸಿದ ಆ ಮಾತನ್ನು ಹೇಳುತ್ತಿದ್ದರು. ಇಡೀ ತಂಡದಲ್ಲಿ ಒಬ್ಬರಿಗೆ ಸಿಕ್ಕರೆ ಹೆಚ್ಚು. ನಮ್ಮಪ್ಪನಿಗೆ ಅದು ಸಿಕ್ಕ ದಿನ ಮನೆಗೆ ಬಂದು ಊಟಕ್ಕೂ ಏಳದೆ ಸುಮ್ಮನೆ ನಗುತ್ತಾ ಕೂತಿದ್ದರು.

ನನಗೆ ಹೇಳಲಿಲ್ಲ. ಅಷ್ಟು ವರ್ಷ ಆ ಪೆಟ್ಟಿಗೆಯ ಪಕ್ಕದಲ್ಲೇ ಕೂತಿದ್ದೆ, ಒಂದು ಸಲವೂ ಹೇಳಲಿಲ್ಲ. ಇವತ್ತಿನವರೆಗೆ ಬರೆದದ್ದೆಲ್ಲ ಆ ಒಂದು ಮಾತಿಗೆ ಅಂತ ನಿನ್ನ ಕಾಗದ ಓದಿದ ಮೇಲೆ ನನಗೆ ಸರಿಯಾಗಿ ತಿಳಿಯಿತು. ಓದಿದ ಕೂಡಲೇ ಹೊಟ್ಟೆ ಉರಿಯಿತು. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಉರಿ ಇಳಿದ ಮೇಲೆ ತುಂಬಾ ಹೊತ್ತು ಅತ್ತೆ, ನನಗೋಸ್ಕರ ಅಷ್ಟೇ ಅಲ್ಲ.

ನನ್ನ ಹಿಂದಿನ ಕಾಗದಕ್ಕೆ ಮೇಷ್ಟ್ರು ಉತ್ತರ ಬರೆಯುವುದು ಬೇಡ ಅಂತ ಹೇಳು. ಅವತ್ತು ಅವರು ಕೂರಬೇಕಾದ ಕಡೆಯೇ ಕೂತಿದ್ದರು.

ನಿನ್ನ
ಪವಿತ್ರ